ಒಂದು ತಟ್ಟೆ, ನಲವತ್ತು ಹುಣಸೆ ಬೀಜ: ಆಟದ ಮೂಲಕ ಪರಿಸರ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರರಿಂದ ಎಂಟನೇ ಕ್ಲಾಸಿನ ಮಕ್ಕಳ ಜೊತೆ ಪರಿಸರದ ಆಟಗಳನ್ನು ಆಡಿಸಿಕೊಂಡು ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ಓಡಾಡುತ್ತೇನೆ. ಹೋದಲ್ಲೆಲ್ಲ ಶಿಕ್ಷಕರು, ಅಪ್ಪ-ಅಮ್ಮಂದಿರು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವರು ಪತ್ರ ಬರೆದಿದ್ದಾರೆ, ಕೆಲವರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವ ಮುಂಚೆ

ಆಟ ಆಡಿಸಿದ್ರೆ ಪಾಠ ಆಗುತ್ತಾ ಸಾರ್? ಪೋರ್ಷನ್ ಯಾವಾಗ ಮುಗಿಸೋದು?

‘ನೀರನ್ನು ಮಿತವಾಗಿ ಬಳಸಬೇಕು’ ಅಂತ ಎಲ್ಲ ಮಕ್ಕಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ, ಮಾರ್ಕ್ಸೂ ಬರುತ್ತದೆ. ಆದರೆ ಮುಂದೆ ಹೇಳುವ ಹುಣಸೆ ಬೀಜದ ಆಟದಲ್ಲಿ ತಾನೇ ಬೀಜ ತೆಗೆದು ತೆಗೆದು, ತಟ್ಟೆ ಖಾಲಿಯಾದಾಗ ಮಗುವಿನ ಮುಖ ನೋಡಬೇಕು. ಆ ಹೊತ್ತಿನಲ್ಲಿ ಆಡಿದ ಎರಡು ಮಾತು ವರ್ಷಗಟ್ಟಲೆ ಉಳಿಯುತ್ತದೆ. ಆಹಾರ ಸರಪಳಿ, ಅಂತರ್ಜಲ, ಕಾಡು, ಬೆಳೆ ಇವೆಲ್ಲ ಹೇಗೂ ಪಾಠದಲ್ಲೇ ಇವೆ. ಆಟ ಮುಗಿಸಿ ಪುಸ್ತಕ ತೆರೆದರೆ ಪಾಠ ಬೇಗ ಓಡುತ್ತದೆ, ಯಾಕೆಂದರೆ ಮಕ್ಕಳಿಗೆ ಪದಗಳ ಹಿಂದಿನ ವಿಷಯ ಆಗಲೇ ಗೊತ್ತಿರುತ್ತದೆ.

ಹೆಡ್‌ಮಾಸ್ಟರಿಗೆ ಹೇಳಲು ಆಧಾರ ಬೇಕು ಅನ್ನುವವರಿಗೆ ಎರಡು ಮಾತು. ಪರಿಸರ ಶಿಕ್ಷಣ ಕಡ್ಡಾಯವಾಗಿ ಇರಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯವರಿಗೆ 10 ದಿನ ಬ್ಯಾಗ್ ಇಲ್ಲದ ಕಲಿಕೆ ಇರಬೇಕು ಅಂತಿದೆ. ಆ ದಿನಗಳನ್ನು ಇದಕ್ಕೆ ಬಳಸಿಕೊಳ್ಳಿ.

ಪರಿಸರ ವ್ಯವಸ್ಥೆ ಅಂದ್ರೆ ಏನು ಅಂತ ಆರನೇ ಕ್ಲಾಸಿನವ್ರಿಗೆ ಹೆಂಗೆ ಹೇಳೋದು?

ವ್ಯಾಖ್ಯಾನದಿಂದ ಶುರು ಮಾಡಬೇಡಿ. ಊರ ಕೆರೆ ತೋರಿಸಿ. ನೀರಿದೆ, ಕೆಸರಿದೆ, ಪಾಚಿ ಇದೆ, ಪಾಚಿ ತಿನ್ನುವ ಹುಳ ಇದೆ, ಹುಳ ತಿನ್ನುವ ಮೀನಿದೆ, ಮೀನಿಗೆ ಕಾದು ನಿಂತ ಬೆಳ್ಳಕ್ಕಿ ಇದೆ. ಬೆಳ್ಳಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಮತ್ತೆ ಪಾಚಿಗೆ ಗೊಬ್ಬರವಾಗುತ್ತದೆ. ಕೆರೆಗೆ ಬಂದ ಎಮ್ಮೆ, ಬಟ್ಟೆ ಒಗೆಯುವ ಅಜ್ಜಿ, ತೂಬು ಎತ್ತಿ ಹೊಲಗಳಿಗೆ ನೀರು ಬಿಡುವ ನೀರಗಂಟಿ, ಅವರೂ ಅದರೊಳಗೇ ಇದ್ದಾರೆ. ಜೀವ ಇರುವುದು, ಜೀವ ಇಲ್ಲದ್ದು ಎರಡೂ ಒಂದನ್ನೊಂದು ಹಿಡಿದುಕೊಂಡಿರುವ ಈ ಸಂಸಾರಕ್ಕೆ ಆ ಹೆಸರು. ಇದರ ಇಂಗ್ಲಿಷ್ ಪದ ‘ಇಕೋಸಿಸ್ಟಮ್’ ಮೊದಲು ಅಚ್ಚಾಗಿದ್ದು 1935ರಲ್ಲಿ, ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಅವರ ಲೇಖನದಲ್ಲಿ.

‘ಸುಸ್ಥಿರತೆ’ ಅನ್ನೋ ಪದ ಮಕ್ಕಳ ಬಾಯಲ್ಲಿ ತಿರುಗೋದೇ ಇಲ್ಲ. ಬೇರೆ ಪದ ಇದೆಯಾ?

ಪದ ಆಮೇಲೆ ಬರಲಿ. ನಾನು ಮಕ್ಕಳನ್ನು ಕೇಳುವುದು ಒಂದೇ: ಮನೆಯಲ್ಲಿ ಬಿತ್ತನೆ ರಾಗಿ ಎಲ್ಲಿಟ್ಟಿದ್ದಾರೆ? ರೈತರ ಮಕ್ಕಳಿಗೆ ಗೊತ್ತಿರುತ್ತದೆ. ಮಡಕೆಯಲ್ಲೋ ಡಬ್ಬದಲ್ಲೋ ಬೂದಿ, ಬೇವಿನ ಸೊಪ್ಪು ಹಾಕಿ ಬೇರೆ ಇಟ್ಟಿರುತ್ತಾರೆ. ಹಸಿವಾಯ್ತು ಅಂತ ಅದನ್ನು ಬೀಸಿ ಮುದ್ದೆ ಮಾಡುತ್ತಾರಾ? ‘ಇಲ್ಲ ಸಾರ್, ಮುಂದಿನ ವರ್ಷಕ್ಕೆ ಏನು ಬಿತ್ತೋದು?’ ಅಂತ ಅವರೇ ಕೇಳುತ್ತಾರೆ. ಮುಂದಿನವರ ಅಗತ್ಯಕ್ಕೆ ಕುತ್ತು ತರದೆ ಇಂದಿನವರ ಅಗತ್ಯ ನೋಡಿಕೊಳ್ಳುವುದು ಅಂತ 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿದ್ದೂ ಇದನ್ನೇ. ಬಿತ್ತನೆ ರಾಗಿ ಅರ್ಥವಾದ ಮೇಲೆ ‘ಸುಸ್ಥಿರತೆ’ ಅಂತ ಬೋರ್ಡಿನ ಮೇಲೆ ಬರೆಯಿರಿ.

ನಮ್ಮೂರಲ್ಲಿ ಕಾಡೂ ಇಲ್ಲ, ಹರಿಯೋ ನದಿಯೂ ಇಲ್ಲ. ಏನು ತೋರಿಸೋದು?

ಈ ಮಾತು ಕೇಳಿದರೆ ಬೇಜಾರಾಗುತ್ತದೆ. ಪಾಲಾರ್ ನಮ್ಮ ಜಿಲ್ಲೆಯಲ್ಲೇ ಹಾದುಹೋದರೂ ವರ್ಷವಿಡೀ ಹರಿಯುವ ನದಿ ನಮಗಿಲ್ಲ, ನಿಜ. ಅದಕ್ಕೇ ನಮ್ಮ ಹಿರಿಯರು ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆಗಳಿದ್ದವು. ಇದರ ಜೊತೆಗೆ ಕುಂಟೆ, ಗೋಕಟ್ಟೆ, ಕಲ್ಯಾಣಿ. ಅಂತರಗಂಗೆ ಬೆಟ್ಟದ ಬಂಡೆಗಳ ಸಂದಿಯ ಗಿಡಗಂಟೆ, ಶ್ರೀನಿವಾಸಪುರದ ಮಾವಿನ ತೋಪು, ರಾಗಿ ಹೊಲದ ಬದು, ಶಾಲೆಯ ಹಿಂದಿನ ಹೊಂಗೆ ಮರ. ಒಂದು ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕೂತು ಬಂದ ಹೋದ ಜೀವಗಳನ್ನು ಎಣಿಸಿ ಅಂತ ಹೇಳಿ ನೋಡಿ. ಇರುವೆ, ಜೇಡ, ಅಳಿಲು, ಓತಿಕ್ಯಾತ, ಎಲೆಯಲ್ಲಿ ಗಂಟು ಮಾಡಿದ ಹುಳ... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ಖರ್ಚಾಗುತ್ತೆ?

ನೂರು ರೂಪಾಯಿ ಕೂಡ ಬೇಡ. ಹುಣಸೆ ಬೀಜ, ಸೀಮೆಸುಣ್ಣ, ಊಟದ ತಟ್ಟೆ, ಲೋಟ, ಬಕೆಟ್, ಗೋಣಿದಾರ. ಅಂತರ್ಜಲದ ಆಟಕ್ಕೆ ಮಾತ್ರ ಸೂಜಿ ಇಲ್ಲದ ಹೊಸ ಸಿರಿಂಜು, ಸಣ್ಣ ಪ್ಲಾಸ್ಟಿಕ್ ಪೈಪು ಬೇಕು. ಅದನ್ನು ಮುಂದೆ ಹೇಳಿದ್ದೇನೆ. ದುಬಾರಿ ಕಿಟ್ ಕೊಳ್ಳಬೇಡಿ. ಎರಡು ತುಂಡು ಕಳೆದರೆ ಬೀರುವಿಗೆ ಸೇರಿ ಬೀಗ ಬೀಳುತ್ತದೆ.

## ತರಗತಿಯೊಳಗೆ

ಮೊದಲನೇ ದಿನ ಯಾವ ಆಟದಿಂದ ಶುರು ಮಾಡ್ಲಿ?

ಕೆರೆ-ದಡ. ಎಲ್ಲರಿಗೂ ಬರುತ್ತದೆ. ನೆಲದ ಮೇಲೆ ದೊಡ್ಡ ವೃತ್ತ ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ಸಾಮಾನ್ಯವಾಗಿ ‘ಕೆರೆ’ ಅಂದರೆ ಒಳಗೆ, ‘ದಡ’ ಅಂದರೆ ಹೊರಗೆ ನೆಗೆಯುತ್ತಾರೆ. ನೀವು ಅದರ ಬದಲು ಜೀವಿಗಳ ಹೆಸರು ಕೂಗಿ. ‘ಗೆಂಡೆ ಮೀನು!’ ಎಲ್ಲರೂ ಒಳಗೆ. ‘ಅಳಿಲು!’ ಎಲ್ಲರೂ ಹೊರಗೆ. ‘ಕಪ್ಪೆ!’ ಅಂದಾಗ ಗಲಾಟೆ ಶುರು.

ಒಮ್ಮೆ ನಾನು ‘ಏರೋಪ್ಲೇನ್ ಚಿಟ್ಟೆ’ ಅಂತ ಕೂಗಿದೆ. ಎಲ್ಲರೂ ಹೊರಗೆ ನೆಗೆದರು. ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಮಾತ್ರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಳು. ಔಟ್ ಔಟ್ ಅಂತ ಎಲ್ಲರೂ ಕೂಗಿದರು. ಅವಳು ಕದಲಲಿಲ್ಲ. ‘ಮರಿ ನೀರಲ್ಲಿರ್ತದೆ, ನಮ್ಮ ತೋಟದ ತೊಟ್ಟಿಯಲ್ಲಿ ನೋಡಿದೀನಿ’ ಅಂದಳು. ಅವಳು ಹೇಳಿದ್ದು ಸರಿ. ಆ ಹುಳದ ಮರಿ ನೀರಿನಲ್ಲೇ ಬೆಳೆದು, ಸೊಳ್ಳೆ ಮರಿಗಳನ್ನು ತಿಂದು, ಆಮೇಲೆ ಜೊಂಡಿನ ಕಡ್ಡಿ ಹತ್ತಿ ಪೊರೆ ಬಿಟ್ಟು ಹಾರುತ್ತದೆ. ಅವತ್ತು ಉಳಿದ ಪೀರಿಯಡ್ ಪೂರ್ತಿ ಇದೇ ಮಾತು. ಇಂಥ ಜಗಳ ಎದ್ದರೆ ಆಟ ನಿಲ್ಲಿಸಿ, ಜಗಳ ಮುಂದುವರಿಯಲಿ.

ಹುಣಸೆ ಬೀಜದ ಆಟ ಅಂತಾರಲ್ಲ, ಅದನ್ನ ಪೂರ್ತಿ ಹೇಳಿ.

ನನಗೆ ಒಂದೇ ಆಟ ಆಡಿಸಲು ಅವಕಾಶ ಸಿಕ್ಕರೆ ಇದನ್ನೇ ಆಡಿಸುತ್ತೇನೆ.

ಒಂದು ತಟ್ಟೆಯಲ್ಲಿ 40 ಹುಣಸೆ ಬೀಜ. ತಟ್ಟೆ ಊರ ಕೆರೆ, ಬೀಜ ಮೀನು. ತರಗತಿಯನ್ನು ಐದು ತಂಡ ಮಾಡಿ, ಐದು ಮನೆಗಳು ಅಂತ ಕರೆಯಿರಿ. ಪ್ರತಿ ಸುತ್ತಿನಲ್ಲೂ ಒಂದೊಂದು ಮನೆ ಸೊನ್ನೆಯಿಂದ ಐದರವರೆಗೆ ಎಷ್ಟು ಮೀನು ಬೇಕೋ ಚೀಟಿಯಲ್ಲಿ ಗುಟ್ಟಾಗಿ ಬರೆದು ಕೊಡಬೇಕು. ಅಷ್ಟು ಬೀಜ ತೆಗೆದುಕೊಡಿ. ಕೇಳಿದಷ್ಟು ಇಲ್ಲದಿದ್ದರೆ ಇದ್ದದ್ದನ್ನು ಸಮನಾಗಿ ಹಂಚಿ. ಸುತ್ತು ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಮೀನು ಮರಿ ಹಾಕಿ ಎರಡರಷ್ಟಾಗುತ್ತವೆ. ಆದರೆ ಕೆರೆ ಹಿಡಿಯುವುದು 40 ಮಾತ್ರ. ಹತ್ತು ಸುತ್ತು ಆಟ. ಮೊದಲ ಸಲ ತಂಡಗಳು ಒಂದರ ಜೊತೆ ಒಂದು ಮಾತಾಡುವಂತಿಲ್ಲ.

ಏನಾಗುತ್ತದೆ? ಎಲ್ಲರೂ ಐದೈದು ಬರೆಯುತ್ತಾರೆ. 25 ಹೋಯಿತು, 15 ಉಳಿಯಿತು, ಅದು 30 ಆಯಿತು. ಎರಡನೇ ಸುತ್ತಿನಲ್ಲಿ ಮತ್ತೆ 25 ಹೋಯಿತು. 5 ಉಳಿದು 10 ಆಯಿತು. ಮೂರನೇ ಸುತ್ತಿಗೆ ತಲಾ ಎರಡು ಸಿಕ್ಕಿ ಕೆರೆ ಖಾಲಿ. ಒಂದೊಂದು ಮನೆಗೆ ಒಟ್ಟು 12 ಮೀನು. ಇನ್ನೂ ಏಳು ಸುತ್ತು ಬಾಕಿ, ತಟ್ಟೆಯಲ್ಲಿ ಏನೂ ಇಲ್ಲ. ಆ ಏಳು ಸುತ್ತನ್ನೂ ಬಿಡದೆ ಆಡಿಸಿ. ಖಾಲಿ ತಟ್ಟೆ ಎತ್ತಿ ತೋರಿಸಿ ‘ನಾಲ್ಕನೇ ವರ್ಷ’, ‘ಐದನೇ ವರ್ಷ’ ಅಂತ ಕರೆಯಿರಿ. ತರಗತಿ ಮೆಲ್ಲಗೆ ಸದ್ದಿಲ್ಲದಾಗುತ್ತದೆ.

ಎರಡನೇ ಸಲ ಎರಡು ನಿಮಿಷ ಮಾತಾಡಲು ಬಿಡಿ. ಯಾರಾದರೂ ಒಬ್ಬರು ಲೆಕ್ಕ ಹಾಕುತ್ತಾರೆ: ತಲಾ ನಾಲ್ಕು ತೆಗೆದರೆ 20 ಹೋಗಿ 20 ಉಳಿದು ಮತ್ತೆ 40. ಹತ್ತು ಸುತ್ತಿಗೆ ಒಂದೊಂದು ಮನೆಗೂ 40 ಮೀನು, ಕೆರೆ ಹಾಗೇ ತುಂಬಿರುತ್ತದೆ. 12 ಎಲ್ಲಿ, 40 ಎಲ್ಲಿ!

ಈಗ ಇದರ ಒಳಗುಟ್ಟು. ಮೊದಲ ಸುತ್ತಿನಲ್ಲಿ ಒಂದು ಮನೆ ಕದ್ದು ಐದು ಬರೆಯಿತು ಅಂತಿಟ್ಟುಕೊಳ್ಳಿ. ಒಂದೇ ಒಂದು ಬೀಜ ಜಾಸ್ತಿ. 21 ಹೋಗಿ 19 ಉಳಿದು 38 ಆಯಿತು. ಯಾರಿಗೂ ದೊಡ್ಡದು ಅನಿಸುವುದಿಲ್ಲ. ಆಮೇಲೆ ಎಲ್ಲರೂ ಮಾತಿನಂತೆ ನಾಲ್ಕೇ ತೆಗೆದರೂ 38 ಇದ್ದದ್ದು 36 ಆಗುತ್ತದೆ, ಆಮೇಲೆ 32, 24, 8. ಆರನೇ ಸುತ್ತಿಗೆ ಕೆರೆ ಬತ್ತುತ್ತದೆ. ಬೋರ್ಡಿನ ಮೇಲೆ ಈ ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದರೆ ಮಕ್ಕಳು ನಂಬುವುದಿಲ್ಲ, ತಾವೇ ಬೀಜ ಜೋಡಿಸಿ ನೋಡುತ್ತಾರೆ. ಆಗ ಕೇಳಿ: 38 ಇದ್ದಾಗಲೇ ಗೊತ್ತಾಗಿದ್ದರೆ ಏನು ಮಾಡಬಹುದಿತ್ತು? ಎರಡು ಮನೆಯವರು ಒಂದು ಸುತ್ತಿಗೆ ಒಂದೊಂದು ಮೀನು ಬಿಟ್ಟಿದ್ದರೆ ಸಾಕಿತ್ತು. 18 ಹೋಗಿ 20 ಉಳಿದು ಮತ್ತೆ 40. ಆದರೆ 8 ಆದಮೇಲೆ ಎಲ್ಲರೂ ಎರಡು ಮೂರು ಸುತ್ತು ಉಪವಾಸ ಇರಬೇಕು. ಬೇಗ ನೋಡಿದರೆ ಸಣ್ಣ ತ್ಯಾಗ, ತಡವಾದರೆ ದೊಡ್ಡದು ಅಂತ ನೀವು ಹೇಳಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ. ಗಣಿತದ ಮೇಷ್ಟ್ರನ್ನೂ ಈ ಪೀರಿಯಡ್ಡಿಗೆ ಕರೆಯಿರಿ.

ಆಟ ಆಡಿಸಿದೆ, ಮಕ್ಕಳು ಖುಷಿಪಟ್ರು, ಆದ್ರೆ ಏನೂ ಕಲಿಯಲಿಲ್ಲ ಅನ್ಸುತ್ತೆ. ಎಲ್ಲಿ ತಪ್ಪಾಯ್ತು?

ಬಹುಶಃ ಆಟದ ಮುಂಚೆಯೇ ನೀತಿ ಹೇಳಿಬಿಟ್ಟಿರಿ, ಇಲ್ಲವೇ ಆಟದ ಮೇಲೆ ಮಾತಾಡಲಿಲ್ಲ. ಶುರುವಿನಲ್ಲಿ ನಾನೂ ಅದೇ ತಪ್ಪು ಮಾಡಿದೆ. ಒಂದು ಶಾಲೆಯಲ್ಲಿ ‘ಮಕ್ಕಳೇ, ಕೆರೆ ಎಲ್ಲರದ್ದು, ಉಳಿಸಬೇಕು, ಈಗ ಆಡೋಣ’ ಅಂದೆ. ಮಕ್ಕಳು ನನ್ನ ಮುಖ ನೋಡಿಕೊಂಡು ಒಂದೊಂದೇ ಬೀಜ ತೆಗೆದರು. ಕೆರೆ ಉಳಿಯಿತು, ಕಲಿಕೆ ಆಗಲಿಲ್ಲ. ಸೋಲುವ ಅವಕಾಶವನ್ನೇ ನಾನು ಕಿತ್ತುಕೊಂಡಿದ್ದೆ.

ಈಗ ಹದಿನೈದು ನಿಮಿಷ ಆಟ, ಹದಿನೈದು ನಿಮಿಷ ಮಾತು. ಮೂರೇ ಪ್ರಶ್ನೆ. ಏನಾಯಿತು? ಯಾಕೆ ಹಾಗಾಯಿತು? ನಮ್ಮೂರಲ್ಲಿ ಹೀಗೆ ಎಲ್ಲಾದರೂ ಆಗಿದೆಯಾ? ಮೂರನೇ ಪ್ರಶ್ನೆ ಕೇಳಿ ಸುಮ್ಮನಿರಿ. ಹತ್ತು ಸೆಕೆಂಡ್ ಯಾರೂ ಮಾತಾಡುವುದಿಲ್ಲ. ಆಮೇಲೆ ಒಂದು ಕೈ ಏಳುತ್ತದೆ. ‘ನಮ್ಮ ಬೋರ್ ನಿಂತೋಯ್ತು ಸಾರ್.’

ನಮ್ಮ ಕ್ಲಾಸಲ್ಲಿ 48 ಮಕ್ಕಳು, 40 ನಿಮಿಷದ ಪೀರಿಯಡ್. ಜೋರಿರೋರೇ ಎಲ್ಲಾ ಆಡ್ತಾರೆ.

ಒಂದೊಂದು ತಂಡದಲ್ಲೂ ಕೆಲಸ ಹಂಚಿ. ಚೀಟಿ ಬರೆಯುವವರು, ಬೀಜ ಎಣಿಸುವವರು, ಬೋರ್ಡಿನಲ್ಲಿ ಅಂಕಿ ಬರೆಯುವವರು, ಗಮನಿಸಿ ಕೊನೆಯಲ್ಲಿ ಹೇಳುವವರು. ಸುತ್ತು ಮುಗಿದಂತೆ ಕೆಲಸ ಬದಲಾಗಲಿ. ಮಾತು ಕಡಿಮೆ ಇರುವ ಮಕ್ಕಳನ್ನು ಗಮನಿಸುವ ಕೆಲಸಕ್ಕೆ ಹಾಕಿದಾಗ ಅವರು ಹೇಳಿದಷ್ಟು ಚೆನ್ನಾಗಿ ಬೇರೆಯವರು ಹೇಳಿದ್ದನ್ನು ನಾನು ಕೇಳಿಲ್ಲ. ಓಡಲಾಗದ ಮಗು ಇದ್ದರೆ ಕೆರೆ-ದಡದಲ್ಲಿ ಹೆಸರು ಕೂಗುವ, ತೀರ್ಪು ಕೊಡುವ ಅಧಿಕಾರ ಆ ಮಗುವಿಗೆ.

ಆಹಾರ ಸರಪಳಿಗೆ ಒಳ್ಳೆ ಆಟ ಯಾವುದು?

ನೀರು ಸುರಿಯುವ ಆಟ. ಒಂದು ಲೀಟರ್ ಬಾಟಲಿ ಹಿಡಿದವನು ಪಾಚಿ. ಅವನು ನೀರುಹುಳಕ್ಕೆ 100 ಮಿಲಿ ಮಾತ್ರ ಕೊಡಬೇಕು, ಉಳಿದದ್ದು ಗಿಡದ ಬುಡಕ್ಕೆ. ಹುಳ ಸಣ್ಣ ಮೀನಿಗೆ 10 ಮಿಲಿ. ಮೀನು ಬೆಳ್ಳಕ್ಕಿಗೆ 1 ಮಿಲಿ, ಅಂದರೆ ಸುಮಾರು ಇಪ್ಪತ್ತು ಹನಿ. ಬೆಳ್ಳಕ್ಕಿಯಾದ ಮಗು ಅಂಗೈ ನೋಡಿಕೊಂಡು ‘ಇಷ್ಟೇನಾ?’ ಅನ್ನುತ್ತದೆ. ಕೆರೆಯಲ್ಲಿ ಪಾಚಿ ರಾಶಿ ಇದ್ದರೂ ಬೆಳ್ಳಕ್ಕಿ ಯಾಕೆ ಕೆಲವೇ ಇವೆ ಅನ್ನುವುದಕ್ಕೆ ಉತ್ತರ ಆ ಅಂಗೈಯಲ್ಲಿದೆ. ಪ್ರತಿ ಹಂತದಲ್ಲೂ ಶಕ್ತಿಯ ಹೆಚ್ಚಿನ ಪಾಲು ಉಸಿರಾಟ, ಓಡಾಟದಲ್ಲಿ ಶಾಖವಾಗಿ ಹೋಗುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ರೇಮಂಡ್ ಲಿಂಡೆಮನ್. ಅವರು ಅಭ್ಯಾಸ ಮಾಡಿದ್ದೂ ಮಿನೆಸೋಟದ ಒಂದು ಪುಟ್ಟ ಕೆರೆಯನ್ನೇ. 27 ತುಂಬುವ ಮುಂಚೆಯೇ ತೀರಿಕೊಂಡರು. ಪ್ರಬಂಧ ಅಚ್ಚಾಗಿದ್ದು ಅದೇ ವರ್ಷ, 1942ರಲ್ಲಿ. ಮಕ್ಕಳಿಗೆ ಈ ಕಥೆ ಹೇಳಿ, ಇಷ್ಟಪಟ್ಟು ಕೇಳುತ್ತಾರೆ.

ಒಂದು ಪ್ರಾಣಿ ಇಲ್ಲದೇ ಹೋದ್ರೆ ಏನಾಗುತ್ತೆ ಅಂತ ತೋರಿಸೋಕೆ?

ಒಬ್ಬೊಬ್ಬರೂ ಒಂದೊಂದು ಜೀವಿಯಾಗಿ ಸುತ್ತ ನಿಂತು, ಒಂದನ್ನೊಂದು ನಂಬಿಕೊಂಡ ಜೀವಿಗಳ ನಡುವೆ ಗೋಣಿದಾರ ಹಿಡಿಯುವ ಆಟ ನಿಮಗೆ ಗೊತ್ತಿರಬಹುದು. ಒಬ್ಬರು ದಾರ ಬಿಟ್ಟರೆ ಯಾರ್ಯಾರಿಗೆ ಸಡಿಲ ಗೊತ್ತಾಯಿತೋ ಅವರು ಕೂರಬೇಕು. ನನ್ನ ಸಲಹೆ ಒಂದೇ: ಒಂದು ಮಗುವನ್ನು ರಣಹದ್ದು ಮಾಡಿ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. ದೇಶದ ತುಂಬ ಇದ್ದ ರಣಹದ್ದುಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕಾಣೆಯಾದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಮನೆಗೆ ಹೋಗಿ ಅಜ್ಜ-ಅಜ್ಜಿಯನ್ನು ‘ರಣಹದ್ದು ನೋಡಿದ್ರಾ, ಎಲ್ಲಿ?’ ಅಂತ ಕೇಳಿ ಬರಲಿ. ಮಾರನೇ ದಿನ ಬರುವ ಉತ್ತರಗಳು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ನಮ್ಮ ಮಕ್ಕಳು ಮನೇಲಿ ತೆಲುಗು ಮಾತಾಡ್ತಾರೆ. ಗಿಡ, ಹಕ್ಕಿ ಹೆಸರು ಕನ್ನಡದಲ್ಲಿ ಬರಲ್ಲ.

ತೆಲುಗಿನಲ್ಲೇ ಹೇಳಲಿ, ಉರ್ದುವಿನಲ್ಲೇ ಹೇಳಲಿ. ಬೋರ್ಡಿನಲ್ಲಿ ಪಕ್ಕಪಕ್ಕ ಬರೆಯಿರಿ: ಕೆರೆ, ಚೆರುವು, ತಾಲಾಬ್. ಹೆಸರು ಗೊತ್ತಿರುವ ಮಗು ಆ ಜೀವಿಯನ್ನು ನೋಡಿದೆ ಅಂತ ಅರ್ಥ.

## ನೀರಿನ ಆಟಗಳು

ಬೋರ್‌ವೆಲ್ ವಿಷಯ ಮಕ್ಕಳಿಗೆ ಕಣ್ಣಿಗೆ ಕಾಣೋ ಹಾಗೆ ಮಾಡೋದು ಹೇಗೆ?

ಪಾರದರ್ಶಕ ಡಬ್ಬದಲ್ಲಿ ನೀರು ತುಂಬಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಪೈಪನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ಡಬ್ಬದ ಅಂಚಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಒಂದರ ತುದಿ ಮೇಲೇ ಇರಲಿ, ಒಂದರದು ಮಧ್ಯಕ್ಕೆ, ಒಂದರದು ತಳಕ್ಕೆ. ಪೈಪಿನ ಇನ್ನೊಂದು ತುದಿಗೆ ಸಿರಿಂಜ್. ಸ್ಟ್ರಾ ಹಾಕಿ ಬಾಯಲ್ಲಿ ಎಳೆಸಬೇಡಿ, ಎಂಜಲಾಗುತ್ತದೆ. ಪ್ರತಿ ಸುತ್ತಿಗೆ ಎಲ್ಲರೂ ಎಳೆಯಬಹುದು. ನೀವು ಒಂದು ಲೋಟ ಮಳೆ ಸುರಿಯಿರಿ.

ಸ್ವಲ್ಪ ಹೊತ್ತಿಗೆ ಗಿಡ್ಡ ಪೈಪಿನವನ ಸಿರಿಂಜಿಗೆ ಬರೀ ಗಾಳಿ ಬರುತ್ತದೆ. ಅದು ತೆರೆದ ಬಾವಿ. ಆಮೇಲೆ ಮಧ್ಯದವನು. ತಳದವನು ಮಾತ್ರ ಎಳೆಯುತ್ತಲೇ ಇರುತ್ತಾನೆ. ‘ಅವ್ನ ಪೈಪ್ ಉದ್ದ ಸಾರ್, ಮೋಸ’ ಅಂತ ಗಿಡ್ಡ ಪೈಪಿನವನು ಅತ್ತೇಬಿಡುತ್ತಾನೆ. ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸಿದವರ ಮಕ್ಕಳೂ, ಬಾವಿ ಬತ್ತಿದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಆದ್ದರಿಂದ ಯಾರ ಮನೆಯನ್ನೂ ಬೆರಳು ಮಾಡಿ ತೋರಿಸಬೇಡಿ.

ಆಳದ ನೀರು ಬಂಡೆಯ ಜೊತೆ ತುಂಬಾ ಕಾಲ ಇದ್ದು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ ಅನ್ನುವುದನ್ನೂ ಇಲ್ಲೇ ಹೇಳಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ತರಗತಿಯಲ್ಲಿ ಹಲ್ಲು ಕಂದಾದ ಮಕ್ಕಳು ಇರುತ್ತಾರೆ. ಅದು ಹಲ್ಲುಜ್ಜದೆ ಆದದ್ದಲ್ಲ, ನೀರಿನಿಂದ ಆದದ್ದು ಅಂತ ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಿ. ಆ ಮಕ್ಕಳಿಗೆ ಅದೊಂದು ಮಾತು ಬಹಳ ಮುಖ್ಯ.

ಕೆರೆ ಸರಣಿ ಅಂದ್ರೆ ಮಕ್ಕಳಿಗೆ ಅರ್ಥ ಆಗ್ತಿಲ್ಲ.

ಮೇಲಿನ ಕೆರೆ ತುಂಬಿ ಹೆಚ್ಚಾದ ನೀರು ಕೆಳಗಿನ ಕೆರೆಗೆ ಹೋಗುವ ಸಾಲು ಅದು. ಶಾಲೆಯ ಮೆಟ್ಟಿಲಿನ ಮೇಲೆ ಐದು ಮಕ್ಕಳನ್ನು ಕೂರಿಸಿ, ಕೈಗೆ ಒಂದೊಂದು ಲೋಟ ಕೊಡಿ. ಒಂದೊಂದು ಲೋಟವೂ ಒಂದು ಕೆರೆ. ಲೋಟದ ಅರ್ಧಕ್ಕೆ ಗೆರೆ. ಅದು ಕೋಡಿ. ಗೆರೆ ದಾಟಿದ ನೀರನ್ನು ಕೆಳಗಿನವರಿಗೆ ಸುರಿಯಬೇಕು. ಮೇಲಿನವರಿಗೆ ಮಳೆ ಸುರಿಯುತ್ತಾ ಹೋಗಿ, ಕೊನೆಯ ಲೋಟದವರೆಗೂ ತಲುಪುತ್ತದೆ. ಎರಡನೇ ಸಲ ಮೇಲಿನವನ ಗೆರೆಯನ್ನು ಅಂಚಿನ ಹತ್ತಿರ ಎತ್ತರಿಸಿ, ಕೆಳಗಿನವರಿಗೆ ನೀರು ತಡವಾಗುತ್ತದೆ. ಮೂರನೇ ಸಲ ಎರಡು ಮೆಟ್ಟಿಲಿನ ನಡುವೆ ಒಬ್ಬರು ತಟ್ಟೆ ಅಡ್ಡ ಹಿಡಿದು ನಿಲ್ಲಲಿ. ಅದು ಮುಚ್ಚಿಹೋದ ರಾಜಕಾಲುವೆ. ಕೆಳಗಿನ ಲೋಟ ಒಣಗಿಯೇ ಇರುತ್ತದೆ, ನೀರು ಪಕ್ಕದ ಮನೆಯಾದವಳ ಕಾಲಿಗೆ ಹರಿಯುತ್ತದೆ. ಬರ, ನೆರೆ ಎರಡೂ ಒಂದೇ ತಟ್ಟೆಯಿಂದ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷದ ಮೇಲೆ ನಮ್ಮ ಕೆರೆಗಳು ಕೋಡಿ ಬಿದ್ದದ್ದನ್ನು ದೊಡ್ಡವರು ನೆನಪಿಟ್ಟಿದ್ದಾರೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಮಕ್ಕಳು ಅವರನ್ನು ಕೇಳಿ ನಕ್ಷೆ ಬರೆಯಲಿ.

ಮಕ್ಕಳನ್ನ ನಿಜವಾದ ಕೆರೆ ಹತ್ರ ಕರ್ಕೊಂಡು ಹೋಗಬಹುದಾ?

ಹೋಗಲೇಬೇಕು, ಆದರೆ ನೀರಿಗೆ ಇಳಿಸಬಾರದು. ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಹೋಗುತ್ತದೆ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ಏರಿಯ ಮೇಲಿಂದಲೇ ನೋಡಲಿ, ತೂಬಿನ ಹತ್ತಿರ ಬೇಡ. ಪೋಷಕರ ಒಪ್ಪಿಗೆ ಬರಹದಲ್ಲಿ ಇರಲಿ. ಬೆಳಿಗ್ಗೆ ಎಂಟರೊಳಗೆ ಹೋದರೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದು, ಮಿಂಚುಳ್ಳಿ ಮುಳುಗುವುದು ಎಲ್ಲ ಸಿಗುತ್ತದೆ.

## ಕಷ್ಟದ ಪ್ರಶ್ನೆಗಳು

‘ನಮ್ಮಪ್ಪ ನೀಲಗಿರಿ ಹಾಕಿದ್ದಾರೆ, ಅವ್ರು ತಪ್ಪು ಮಾಡಿದ್ರಾ?’ ಅಂತ ಒಬ್ಬ ಹುಡುಗ ಕೇಳ್ದ. ಏನು ಹೇಳ್ಲಿ?

ತಪ್ಪು ಅಂತ ಹೇಳಬೇಡಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸರ್ಕಾರವೇ ಸಸಿ ಕೊಟ್ಟು ನೆಡಿಸಿತು. ಮಳೆ ಕೈಕೊಟ್ಟಾಗ, ಆಳು ಸಿಗದಾಗ ರಾಗಿ ಬಿಟ್ಟು ನೀಲಗಿರಿ ಹಾಕಿದ ರೈತನಿಗೆ ಅದೊಂದು ಭರವಸೆ. ಬೇರು ಆಳಕ್ಕೆ ಹೋಗಿ ಮಣ್ಣಿನ ತೇವ ಎಳೆಯುತ್ತದೆ ಅನ್ನುವುದು ಜನಕ್ಕೆ ಅನುಭವದಿಂದ ಗೊತ್ತಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಇದನ್ನು ಆಟ ಮಾಡುವುದಾದರೆ ತಂಡಗಳಿಗೆ ಒಂದೊಂದು ಎಕರೆ ಹೊಲ, ಒಂದಿಷ್ಟು ಸಾಲ ಕೊಡಿ. ಪ್ರತಿ ಸುತ್ತಿಗೆ ದಾಳ ಹಾಕಿ ಮಳೆ ನಿರ್ಧರಿಸಿ. ರಾಗಿ, ಟೊಮೆಟೊ, ನೀಲಗಿರಿ ಯಾವುದನ್ನು ಬೇಕಾದರೂ ಹಾಕಲಿ. ಎರಡು ಸುತ್ತು ಮಳೆ ಕೈಕೊಟ್ಟರೆ ಪರಿಸರದ ಬಗ್ಗೆ ಚೆನ್ನಾಗಿ ಮಾತಾಡುವ ಮಕ್ಕಳೇ ನೀಲಗಿರಿ ಹಾಕುತ್ತಾರೆ. ಆಗ ಆ ಹುಡುಗನಿಗೆ ಅವನ ಅಪ್ಪ ಅರ್ಥವಾಗುತ್ತಾರೆ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಮಾತಾಡಬಹುದಾ? ಅದು ರಾಜಕೀಯ ಆಗಲ್ವಾ?

ಕಣ್ಣೆದುರಿನ ಕೆರೆಯಲ್ಲಿ ಇರುವ ನೀರಿನ ಬಗ್ಗೆ ಮಾತಾಡದೆ ಪರಿಸರ ಕಲಿಸುವುದು ಹೇಗೆ? ಗೊತ್ತಿರುವುದನ್ನು ಇದ್ದ ಹಾಗೆ ಹೇಳಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಪೈಪಿನಲ್ಲಿ ತರುತ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಉದ್ದೇಶ ಅಂತರ್ಜಲ ಮರುಪೂರಣ, ನೇರವಾಗಿ ಕುಡಿಯಲು ಅಲ್ಲ. ಬತ್ತಿದ ಬೋರುಗಳಲ್ಲಿ ನೀರು ಬಂತು ಅಂತ ಸಂತೋಷಪಟ್ಟ ರೈತರಿದ್ದಾರೆ. ಉಳಿದ ಸೂಕ್ಷ್ಮ ಕೊಳೆಯನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಹೋರಾಡಿದವರೂ ಇದ್ದಾರೆ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ತರಗತಿಯಲ್ಲಿ ಗ್ರಾಮಸಭೆ ನಡೆಸಿ. ಟೊಮೆಟೊ ಬೆಳೆಗಾರ, ಕುರಿ ಕಾಯುವವ, ಮೀನು ಹರಾಜು ಹಿಡಿದವ, ಕೈಪಂಪಿನಿಂದ ನೀರು ತರುವ ತಾಯಿ, ಎಂಜಿನಿಯರ್. ಒಂದು ಕುರ್ಚಿ ಕೆರೆಯ ಮೀನು ತಿನ್ನುವ ಹೆಜ್ಜಾರ್ಲೆ ಹಕ್ಕಿಗೆ. ಅರ್ಧದಲ್ಲಿ ಪಾತ್ರ ಅದಲುಬದಲು ಮಾಡಿ. ಬೇಕು ಅಂದವರು ಬೇಡ ಅನ್ನುವವರ ಪರ ವಾದಿಸಬೇಕು. ಕೊನೆಯಲ್ಲಿ ಮತ ಹಾಕಿಸಬೇಡಿ. ‘ಇದನ್ನ ತೀರ್ಮಾನಿಸೋಕೆ ಇನ್ನೇನು ಗೊತ್ತಾಗಬೇಕು?’ ಅಂತ ಪಟ್ಟಿ ಮಾಡಿಸಿ.

ಇಷ್ಟು ಸರಳ ಮಾಡಿದ್ರೆ ಮಕ್ಕಳಿಗೆ ಸುಳ್ಳು ಕಲಿಸಿದಂಗೆ ಆಗಲ್ವಾ?

ಒಬ್ಬ ವಿಜ್ಞಾನ ಶಿಕ್ಷಕಿ ಕೇಳಿದ ಪ್ರಶ್ನೆ, ಬಹಳ ಒಳ್ಳೆಯದು. ಹೌದು, ಆಟದಲ್ಲಿ ಕೊರತೆಗಳಿವೆ. ಡಬ್ಬದ ನೀರಿನಂತೆ ನಮ್ಮ ಅಂತರ್ಜಲ ಒಂದೇ ತೊಟ್ಟಿಯಲ್ಲಿಲ್ಲ, ಗ್ರಾನೈಟ್, ನೈಸ್ (gneiss) ಅನ್ನುವ ಗಟ್ಟಿ ಬಂಡೆಗಳ ಬಿರುಕಿನಲ್ಲಿದೆ. ಅದಕ್ಕೇ ಒಂದು ಬೋರಿನಲ್ಲಿ ನೀರು ಬಂದು ಮೂವತ್ತು ಅಡಿ ಆಚೆಯದು ಫೇಲ್ ಆಗುತ್ತದೆ. ಆಹಾರ ಸರಪಳಿಯಲ್ಲಿ ಹತ್ತರಲ್ಲಿ ಒಂದು ಪಾಲು ಅನ್ನುವುದು ಅಂದಾಜಿನ ಲೆಕ್ಕ, ಎಲ್ಲ ಕೆರೆಯಲ್ಲೂ ಹಾಗೇ ಇರುವುದಿಲ್ಲ. ಮೀನು ಪ್ರತಿ ವರ್ಷ ಸರಿಯಾಗಿ ಎರಡರಷ್ಟಾಗುವುದಿಲ್ಲ.

ಎಂಟನೇ ಕ್ಲಾಸಿಗೆ ಬಂದ ಮೇಲೆ ಆಟದಲ್ಲಿ ಯಾವುದು ನಿಜಕ್ಕೆ ಹತ್ತಿರ, ಯಾವುದು ದೂರ ಅಂತ ಮಕ್ಕಳಿಂದಲೇ ಹೇಳಿಸಿ, ನಿಯಮ ಬದಲಿಸಲು ಬಿಡಿ. ಒಂದು ತಂಡ ತಟ್ಟೆಗೆ ಒಂದು ಕರಿ ಕಲ್ಲು ಸೇರಿಸಿತು. ಅದು ಆಫ್ರಿಕನ್ ಕ್ಯಾಟ್‌ಫಿಶ್, ಪ್ರತಿ ಸುತ್ತಿನಲ್ಲೂ ಎರಡು ಬೀಜ ತಿನ್ನುತ್ತದೆ. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ ಅಂತ ಅವರೇ ಹುಡುಕಿಕೊಂಡು ಬಂದಿದ್ದರು. ಇನ್ನೊಂದು ತಂಡ ಬರಗಾಲದ ವರ್ಷ ಮರಿ ಇಲ್ಲ ಅಂತ ಸೇರಿಸಿತು.

ಎಲ್ಲರದ್ದೂ ಆಗಿದ್ದು ಹಾಳಾಗೇ ಆಗುತ್ತೆ ಅಂತ ಮಕ್ಕಳು ಅಂದ್ಕೊಂಡ್ರೆ?

ಹುಣಸೆ ಬೀಜದ ಮೊದಲ ಆಟಕ್ಕೇ ನಿಲ್ಲಿಸಿದರೆ ಹಾಗೆ ಅನಿಸುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹೆಚ್ಚುಕಡಿಮೆ ಅದನ್ನೇ ವಾದಿಸಿದರು. ಅದೇ ದೇಶದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಓಸ್ಟ್ರಮ್ ಹಲವು ದೇಶಗಳ ಊರುಗಳನ್ನು ಅಭ್ಯಾಸ ಮಾಡಿ, ಜನ ತಾವೇ ನಿಯಮ ಮಾಡಿಕೊಂಡು ನೂರಾರು ವರ್ಷ ನೀರು, ಕಾಡು, ಮೀನು ಉಳಿಸಿಕೊಂಡಿರುವುದನ್ನು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಮೊದಲ ಮಹಿಳೆ. ನಮ್ಮ ಕೆರೆಗಳ ದಾಮಾಷಾ ಪದ್ಧತಿಯೂ ಅಂಥದ್ದೇ. ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನ ಒಂದು ಭಾಗವನ್ನು ಮಾತ್ರ ಬೆಳೆದು, ಎಲ್ಲರಿಗೂ ಅವರವರ ಜಮೀನಿನ ಪ್ರಮಾಣದಲ್ಲಿ ಪಾಲು. ಹೊಲ ದೂರ ಇದ್ದವನೂ ಉಪವಾಸ ಬೀಳುವುದಿಲ್ಲ.

ಮಾರ್ಕ್ಸ್ ಹೇಗೆ ಕೊಡೋದು?

ಗೆದ್ದವರಿಗೆ ಮಾರ್ಕ್ಸ್ ಕೊಡಬೇಡಿ, ಆಟ ಕೆಡುತ್ತದೆ. ಮೊದಲ ದಿನ ‘ನಮ್ಮೂರ ಕೆರೆ’ ಚಿತ್ರ ಬರೆಸಿ ತೆಗೆದಿಡಿ. ಮೂರು ತಿಂಗಳ ಮೇಲೆ ಮತ್ತೆ ಬರೆಸಿ. ಮೊದಲನೆಯದರಲ್ಲಿ ನೀರು, ಎರಡು ಮೀನು, ಮೂಲೆಯಲ್ಲಿ ಸೂರ್ಯ. ಎರಡನೆಯದರಲ್ಲಿ ರಾಜಕಾಲುವೆ, ಕೋಡಿ, ಪಾಚಿಯಿಂದ ಹುಳಕ್ಕೆ, ಹುಳದಿಂದ ಮೀನಿಗೆ ಬಾಣಗಳು. ಬಾಣ ಎಣಿಸಿ.

ಮೊಬೈಲ್ ಗೇಮ್ ಆಗಲ್ವಾ?

ಮನೆಯಲ್ಲಿ ಆಡಲಿ, ಬೇಡ ಅನ್ನುವುದಿಲ್ಲ. ಆದರೆ ತಟ್ಟೆ ಖಾಲಿಯಾದಾಗ ಎದುರು ಕೂತ ಗೆಳತಿಯ ಮುಖ ಮೊಬೈಲಿನಲ್ಲಿ ಕಾಣುವುದಿಲ್ಲ.

ಮಕ್ಕಳೇ ಹೊಸ ಆಟ ಮಾಡಬಹುದಾ?

ಮಾಡುತ್ತಾರೆ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಒಂದು ಹಳ್ಳಿ ಶಾಲೆಯ ಎಂಟನೇ ಕ್ಲಾಸಿನವರು ಹುಣಸೆ ಬೀಜದ ಆಟಕ್ಕೆ ನೀರಗಂಟಿಯನ್ನು ಸೇರಿಸಿದರು. ನೀರಗಂಟಿಗೆ ಮೀನು ಹಿಡಿಯುವ ಹಕ್ಕಿಲ್ಲ. ಎಲ್ಲರ ಚೀಟಿ ನೋಡುವ ಅಧಿಕಾರ ಅವನಿಗೆ ಮಾತ್ರ. ಜಾಸ್ತಿ ಬರೆದವರ ಹೆಸರು ಕೂಗಬಹುದು. ಹಿಂದೆ ಸುಗ್ಗಿಯಲ್ಲಿ ನೀರಗಂಟಿಗೆ ಧಾನ್ಯ ಕೊಡುತ್ತಿದ್ದ ಹಾಗೆ ಐದು ಸುತ್ತಿಗೊಮ್ಮೆ ಪ್ರತಿ ಮನೆಯೂ ಅವನಿಗೆ ಒಂದು ಬೀಜ ಕೊಡಬೇಕು. ಕೊಡದಿದ್ದರೆ ಅವನು ಎದ್ದು ಹೋಗಬಹುದು.

ಮೊದಲ ದಿನ ಕೆರೆ ಹತ್ತು ಸುತ್ತೂ ಉಳಿಯಿತು. ಎರಡನೇ ದಿನ ನೀರಗಂಟಿ ತನ್ನ ಗೆಳೆಯನ ಮನೆಯ ಹೆಸರು ಕೂಗಲಿಲ್ಲ. ಗೊತ್ತಾಗಿ ದೊಡ್ಡ ಜಗಳವಾಯಿತು, ಆಟ ಅರ್ಧಕ್ಕೆ ನಿಂತಿತು. ಮೂರನೇ ದಿನ ನಾನು ಹೋದಾಗ ಬೋರ್ಡಿನ ಮೇಲೆ ಹೊಸ ನಿಯಮ ಬರೆದಿತ್ತು: ‘ನೀರಗಂಟಿ ಎರಡು ಸುತ್ತಿಗೊಮ್ಮೆ ಬದಲಾಗಬೇಕು. ಎಲ್ಲಾ ಚೀಟಿ ಕೊನೆಗೆ ಗೋಡೆಗೆ ಅಂಟಿಸಬೇಕು.’ ಅಂಟಿಸಲು ರಾಗಿ ಗಂಜಿಯನ್ನೂ ತಂದಿಟ್ಟುಕೊಂಡಿದ್ದರು.